ಮನಿ ಬ್ಯಾಡ, ನಳ ಹೇಳ್ರಿ

ಅದು 2024ರ ಬೇಸಿಗೆ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಔರಾದ, ಭಾಲ್ಕಿ ಕಡೆಯ ಹಳ್ಳಿಗಳಿಂದ ಜನ ಹೈದರಾಬಾದ್, ಪುಣೆ ಎಂದು ದುಡಿಯಲು ಹೊರಟಿದ್ದರು. ಅಷ್ಟು ದೂರ ಹೋಗಲಾಗದವರು, ಮನೆಯಲ್ಲಿ ಬಸುರಿಯೋ ಬಾಣಂತಿಯೋ ಇರುವವರು, ಬೀದರಿನಲ್ಲೇ ಇಳಿದುಕೊಳ್ಳುತ್ತಿದ್ದರು. ನಾನು ನರ್ಸ್ ಆಗಿರುವ ಆರೋಗ್ಯ ಕೇಂದ್ರದ ಹಿಂದೆ ಅರ್ಧ ಕಟ್ಟಿ ಬಿಟ್ಟ ಮನೆಗಳ ಒಂದು ಬಡಾವಣೆ ಇದೆ. ಆ ಬೇಸಿಗೆಯಲ್ಲಿ ಅಲ್ಲಿ ತಗಡಿನ ಖೋಲಿಗಳು ಸಾಲಾಗಿ ಎದ್ದವು. ಬೀದಿಯ ನಳಗಳಿಗೆ ನಾಲ್ಕೈದು ದಿನಕ್ಕೊಮ್ಮೆ ನೀರು. ಬಂದಾಗ ತುಂಬಿಟ್ಟುಕೊಂಡದ್ದೇ ನೀರು.

ಬೆಳಿಗ್ಗೆ ಹೋದ ಕೂಡಲೇ ಮಡಕೆ ತೊಳೆದು ತುಂಬಿಸುವುದು, ಅದಕ್ಕೆ ಒದ್ದೆ ಬಟ್ಟೆ ಸುತ್ತುವುದು, ಮೇಜು ಒರೆಸುವುದು, ಆಮೇಲೆ ಕಂಪ್ಯೂಟರ್ ತೆರೆಯುವುದು ನನ್ನ ಅಭ್ಯಾಸ. ಆ ವರ್ಷ ಕಂಪ್ಯೂಟರಿನಲ್ಲಿ ಹೊಸದೊಂದು ಏರ್ಪಾಡು ಬಂದಿತ್ತು. ಮೊದಲೆಲ್ಲ ರೋಗಿಗಳ ವಿವರ ನಮ್ಮಲ್ಲಿ, ಯಾವ ವಾಲ್ವ್ ಯಾವಾಗ ತೆರೆಯುತ್ತದೆ ಎಂಬುದು ನೀರಿನ ಕಚೇರಿಯಲ್ಲಿ, ನೀರಿನ ಪರೀಕ್ಷೆಯ ಫಲಿತಾಂಶ ಇನ್ನೊಂದು ಕಡೆ, ಜನರ ದೂರು ಯಾರದೋ ಫೋನಿನಲ್ಲಿ ಇರುತ್ತಿತ್ತು. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ. ಈಗ ಎಲ್ಲವೂ ಒಂದೇ ನಕ್ಷೆಯ ಮೇಲೆ ಬರುತ್ತಿದ್ದವು. ವಾಂತಿ-ಭೇದಿಯ ಒಬ್ಬ ರೋಗಿಯ ವಿವರವನ್ನು ನಾನು ಇಲ್ಲಿ ತುಂಬಿದರೆ, ನೀರಿನ ಕಚೇರಿಯ ಪರದೆಯ ಮೇಲೆ ಆ ಜಾಗದಲ್ಲಿ ಒಂದು ಕೆಂಪು ಚುಕ್ಕೆ ಬೀಳುತ್ತಿತ್ತು. ಹೆಸರು ಕಾಣುತ್ತಿರಲಿಲ್ಲ, ಬರೀ ಚುಕ್ಕೆ. ಒಂದೇ ಪೈಪಿನ ಸುತ್ತ ಚುಕ್ಕೆಗಳು ಗುಂಪಾದರೆ ಕಂಪ್ಯೂಟರೇ ಎಚ್ಚರಿಸುತ್ತಿತ್ತು. ಆ ಪರದೆ ನೋಡುತ್ತಿದ್ದವರು ಶಬಾನಾ ಎಂಬ ಎಂಜಿನಿಯರ್. ನನ್ನ ಮಗಳ ವಯಸ್ಸು. ನನ್ನನ್ನು "ಸಿಸ್ಟರ್" ಎಂದೇ ಕರೆಯುತ್ತಿದ್ದರು.

ಅಂದು ಸೋಮವಾರ. ಬಾಗಿಲು ತೆರೆಯುವ ಮೊದಲೇ ಕಟ್ಟೆಯ ಮೇಲೆ ಜನ ಹೊಟ್ಟೆ ಹಿಡಿದುಕೊಂಡು ಕೂತಿದ್ದರು. ಅವರಲ್ಲಿ ಕಸ್ತೂರಬಾಯಿ ಎಂಬಾಕೆಯ ಸ್ಥಿತಿ ಎಲ್ಲರಿಗಿಂತ ಕೆಟ್ಟದಾಗಿತ್ತು. ಕಣ್ಣು ಒಳಗೆ ಹೋಗಿದ್ದವು, ನಾಲಿಗೆ ಒಣಗಿತ್ತು.

"ಯಾವೂರಕ್ಕಾ ನಿಮ್ದು?" ಎಂದು ಕೇಳಿದೆ.

"ಡಾಬಕಾ ರೀ. ಬೆಳಗಿನ ಬಸ್ಸಿಗಿ ಬಂದೀನ್ರಿ," ಎಂದು ರೇಷನ್ ಕಾರ್ಡು ಕೊಟ್ಟರು.

ಔರಾದ ತಾಲೂಕಿನ ಡಾಬಕಾ ಎಂದರೆ ಮಹಾರಾಷ್ಟ್ರದ ಗಡಿ. ಈ ಸ್ಥಿತಿಯಲ್ಲಿ ಅಷ್ಟು ದೂರ ಬಸ್ಸಿನಲ್ಲಿ ಹೇಗೆ ಕೂತರೋ ಎಂದುಕೊಂಡೇ ಕಾರ್ಡಿನಲ್ಲಿದ್ದ ವಿಳಾಸ ತುಂಬಿದೆ. ನಿಯಮ ಇದ್ದದ್ದೇ ಹಾಗೆ. ಉಳಿದವರದ್ದೂ ಅದೇ ಕಥೆ. ಒಬ್ಬರು ಹಲಬರ್ಗಾ, ಇನ್ನೊಬ್ಬರು ಅದರಾಚೆಯ ಯಾವುದೋ ತಾಂಡಾ. ಎಲ್ಲರೂ ಬೆಳಗಿನ ಬಸ್ಸಿಗೇ ಬಂದಿದ್ದರಂತೆ.

ಸಲೈನ್ ಹಚ್ಚಿದ ಮೇಲೆ ಕಸ್ತೂರಬಾಯಿ ಸುಮ್ಮನೆ ಮಲಗಲಿಲ್ಲ. "ನರ್ಸ್ ಬಾಯಿ, ಇದು ಎಷ್ಟೊತ್ತಿಗಿ ಖಾಲಿ ಆಗ್ತದ್ರಿ? ನಾ ಹೋಗಬೇಕು. ಸೊಸಿ ಒಬ್ಬಾಕೀನೇ ಅದಾಳ, ದಿನ ತುಂಬ್ಯಾವ. ಸಂಜಿಗಿ ನೀರಿನ ಪಾಳಿ ಅದ. ಆ ಹೊಟ್ಟಿ ಹೊತ್ಕೊಂಡು ಆಕಿ ಕೊಡ ಎತ್ತಿದ್ರ ಹ್ಯಾಂಗ್ರಿ?"

"ಊರಾಗ ಯಾರೂ ಇಲ್ಲೇನು ನೋಡ್ಲಿಕ್ಕ?" ಎಂದೆ. ಅವರು ಗೋಡೆಯ ಕಡೆ ಹೊರಳಿದರು.

ಮಧ್ಯಾಹ್ನದ ಹೊತ್ತಿಗೆ ಶಬಾನಾ ಅವರ ಫೋನು ಬಂತು. "ಸಿಸ್ಟರ್, ಔರಾದ, ಭಾಲ್ಕಿ ಕಡಿ ಏನಾಗ್ಲತ್ತದ? ಬಿತ್ತಿದಂಗ ಅಲ್ಲೊಂದು ಇಲ್ಲೊಂದು ಚುಕ್ಕಿ ಬೀಳ್ಲತ್ತಾವ. ಡಾಬಕಾಕ್ಕ ಪರೀಕ್ಷಾದವರು ಹೋಗ್ಯಾರ. ಅಲ್ಲಿ ನೀರು ಚೊಲೋ ಅದ ಅಂತಾರ. ಊರಾಗ ಒಬ್ಬರಿಗೂ ಉಲ್ಟಿ-ಭೇದಿ ಇಲ್ಲಂತ!"

ಫೋನು ಇಟ್ಟು ತಿರುಗಿದೆ. ಅಷ್ಟರಲ್ಲಿ ಮಹಾದೇವಿ ಎಂಬ ಹೆಂಗಸು ಗಂಡನನ್ನು ಹೆಗಲಿಗೆ ಆನಿಸಿಕೊಂಡು ಒಳಗೆ ಬಂದಳು. ಕಾರ್ಡಿನಲ್ಲಿ ಭಾಲ್ಕಿ ತಾಲೂಕಿನ ಹಲಬರ್ಗಾ ಎಂದಿತ್ತು. ಗಂಡನನ್ನು ಮಂಚದ ಮೇಲೆ ಮಲಗಿಸಿ ಬೆವರು ಒರೆಸಿಕೊಳ್ಳುವಾಗ ಅವಳ ಕಣ್ಣು ಪಕ್ಕದ ಮಂಚದ ಮೇಲೆ ಬಿತ್ತು.

"ಏನ್ ಕಾಕು, ನಳದ ಹತ್ರ ಅಷ್ಟು ಜೋರು ಇದ್ದಿ, ಇಲ್ಲಿ ಬಂದು ಮಲಗಿದ್ಯಾ?"

ಕಸ್ತೂರಬಾಯಿಗೆ ಎಲ್ಲಿಂದ ಶಕ್ತಿ ಬಂತೋ ಕಾಣೆ. "ನನ್ನ ಕೊಡ ಸರಿಸಿ ನಿನ್ನ ಡ್ರಮ್ ಇಟ್ಟಿ ನೋಡು, ಆ ಪಾಪ ನಿನ್ನ ಗಂಡನ ಹೊಟ್ಟಿಗಿ ಹತ್ಯದ!"

"ಅಯ್ಯ, ಪಾಪ ನಂದಾದ್ರ ನಿನಗ್ಯಾಕ ಹತ್ತಿತು?"

ಮಲಗಿದ್ದ ರೋಗಿಗಳೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಒಬ್ಬರು ಡಾಬಕಾದವರು, ಒಬ್ಬಳು ಹಲಬರ್ಗಾದವಳು. ಬೇರೆ ಬೇರೆ ತಾಲೂಕು. ಇವರಿಬ್ಬರೂ ಜಗಳವಾಡಿದ ನಳ ಯಾವುದು?

ಕಸ್ತೂರಬಾಯಿಯ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆ. "ಅಕ್ಕಾ, ನಿಮ್ಮ ಸೊಸಿ ಎಲ್ಲಿ ಅದಾಳ? ಡಾಬಕಾದಾಗೋ, ಇಲ್ಲೇ ಹಿಂದಿನ ಖೋಲ್ಯಾಗೋ?"

ಅವರು ಮತ್ತೆ ಗೋಡೆಯ ಕಡೆ ಹೊರಳಿದರು. ಮಹಾದೇವಿಯೂ ಮುಖ ತಿರುಗಿಸಿದಳು. ಜಗಳ ಆಡುತ್ತಿದ್ದ ಇಬ್ಬರೂ ಈಗ ಒಂದೇ ಪಕ್ಷವಾಗಿದ್ದರು. ಕೊನೆಗೆ ಕಸ್ತೂರಬಾಯಿ ನನ್ನ ಕೈ ಹಿಡಿದುಕೊಂಡರು. "ಇಲ್ಲಿ ಇರ್ತೇವಿ ಅಂತ ಬರಿಬ್ಯಾಡ್ರಿ ಬಾಯಿ. ಬೀದರದಾಗ ಇರ್ತಾರ ಅಂತ ಗೊತ್ತಾದ್ರ ಊರಾಗ ರೇಷನ್ ಕಾರ್ಡಿನ್ಯಾಗಿಂದ ಹೆಸರು ತೆಗಿತಾರಂತ. ಎಲ್ಲಾರೂ ಅಂತಾರ. ಅದಕ್ಕ ನಾವು ಯಾರೂ ಹೇಳಂಗಿಲ್ರಿ."

ಹೆಸರು ತೆಗೆಯುವುದು ನಿಜವೋ ಸುಳ್ಳೋ ನನಗೆ ಗೊತ್ತಿರಲಿಲ್ಲ. ಅವರ ಭಯ ಮಾತ್ರ ನಿಜವಾಗಿತ್ತು. ಆ ಭಯವೇ ಚುಕ್ಕೆಗಳನ್ನೆಲ್ಲ ಎರಡು ತಾಲೂಕಿಗೆ ಚೆಲ್ಲಿಬಿಟ್ಟಿತ್ತು. ಸಂಜೆ ಅದೇ ನಳಕ್ಕೆ ಮತ್ತೆ ನೀರು ಬರುವುದಿತ್ತು. ಬಡಾವಣೆಯವರೆಲ್ಲ ಇನ್ನೂ ನಾಲ್ಕೈದು ದಿನಕ್ಕೆ ಆಗುವಷ್ಟು ಅದನ್ನೇ ತುಂಬಿಟ್ಟುಕೊಳ್ಳುವವರಿದ್ದರು. ಆ ಬಸುರಿ ಹೆಂಗಸೂ.

ಶಬಾನಾ ಅವರಿಗೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದೆ. ವಿಳಾಸ ಬಿಟ್ಟು ಬರೀ ನೀರು ತುಂಬಿದ ಜಾಗ ಹಾಕಲು ಬರುತ್ತದೆಯೇ?

"ಬರ್ತದ ಸಿಸ್ಟರ್. ನನಗ ಮನಿ ಬೇಕಾಗಿಲ್ಲ. ನೀರು ಎಲ್ಲಿಂದ ತಂದಾರ ಅಷ್ಟೇ ಹೇಳ್ರಿ."

ಮಂಚದಿಂದ ಮಂಚಕ್ಕೆ ಹೋದೆ. "ಮನಿ ಬ್ಯಾಡ, ನಳ ಹೇಳ್ರಿ. ಬರೀ ನಳ. ಹೆಸರು ಎಲ್ಲೂ ಕಾಣಂಗಿಲ್ಲ." ಎಲ್ಲರೂ ಕಸ್ತೂರಬಾಯಿಯ ಮುಖ ನೋಡಿದರು. ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು, "ಸಿಮೆಂಟ್ ಅಂಗಡಿ ಮುಂದಿಂದು ರೀ." ಆಮೇಲೆ ಒಬ್ಬೊಬ್ಬರದ್ದೇ ಬಾಯಿ ಬಿಚ್ಚಿತು. ಬೇವಿನ ಗಿಡದ ನಳ. ಹಿಟ್ಟಿನ ಗಿರಣಿ ಎದುರಿನ ನಳ. ಮತ್ತೆ ಸಿಮೆಂಟ್ ಅಂಗಡಿ.

ನಾನು ಫೋನಿನಲ್ಲಿ ಹೇಳುತ್ತಾ ಹೋದ ಹಾಗೆ ಶಬಾನಾ ಆ ಕಡೆ ತುಂಬುತ್ತಾ ಹೋದರು. ಆಮೇಲೆ "ಯಾ ಅಲ್ಲಾ" ಎಂದರು. ಎಲ್ಲ ಚುಕ್ಕೆಗಳೂ ಒಂದೇ ವಾಲ್ವಿನ ಕೆಳಗೆ ಬಂದಿದ್ದವು. ಅದೇ ಪೈಪಿನ ಮೇಲೆ ನೀರು ನಾರುತ್ತದೆ ಎಂಬ ದೂರು ಹಿಂದಿನ ಸಲ ನೀರು ಬಿಟ್ಟಾಗಲೇ ದಾಖಲಾಗಿತ್ತು. ಕ್ಲೋರಿನ್ ಕಡಿಮೆ ಇದೆ ಎಂಬ ಪರೀಕ್ಷೆಯ ಫಲಿತಾಂಶವೂ ಅಲ್ಲೇ ಇತ್ತು. ಬರಗಾಲದಲ್ಲಿ ಇಂಥ ದೂರು ಎಲ್ಲ ಕಡೆಯಿಂದ ಬರುತ್ತವೆ. ಒಂಟಿಯಾಗಿ ಇದ್ದಾಗ ಯಾವುದಕ್ಕೂ ಅಷ್ಟು ಬೆಲೆ ಸಿಕ್ಕಿರಲಿಲ್ಲ. ಚುಕ್ಕೆಗಳು ಪಕ್ಕಕ್ಕೆ ಬಂದು ನಿಂತ ಕೂಡಲೇ ಎಚ್ಚರಿಕೆ ಮೊಳಗಿತು. ವಾಲ್ವ್ ತೆರೆಯುವವನು ಆಗಲೇ ಹೊರಟಾಗಿತ್ತು. ಅವನನ್ನು ಅರ್ಧ ದಾರಿಯಲ್ಲೇ ತಡೆದರು. ಹತ್ತಿರದಲ್ಲಿದ್ದ ಟ್ಯಾಂಕರ್ ಎಲ್ಲಿದೆ ಎಂಬುದೂ ಅದೇ ನಕ್ಷೆಯಲ್ಲಿ ಕಾಣುತ್ತಿದ್ದರಿಂದ ಅದನ್ನು ಇತ್ತ ತಿರುಗಿಸಿದರು. ನಳದ ನೀರು ಕುಡಿಯಬೇಡಿ ಎಂಬ ಸಂದೇಶವೂ ಫೋನುಗಳಿಗೆ ಹೋಯಿತು.

ಆದರೆ ಆ ಫೋನುಗಳು ಮನೆ ಮಾಲೀಕರವು. ಖೋಲಿಯಲ್ಲಿರುವವರ ನಂಬರು ಎಲ್ಲೂ ಇರಲಿಲ್ಲ. ಮಾಲೀಕರು ಬೇರೆ ಬಡಾವಣೆಯಲ್ಲಿ ಫ್ಯಾನ್ ಕೆಳಗೆ ಮಲಗಿದ್ದರು.

ಕೇಂದ್ರವನ್ನು ಡಾಕ್ಟರಿಗೆ ಒಪ್ಪಿಸಿ ನಾನೇ ಆಟೋ ಹತ್ತಿದೆ. ಮಹಾದೇವಿ ಕರೆಯದೆಯೇ ಬಂದು ಕೂತಳು.

ಸಿಮೆಂಟ್ ಅಂಗಡಿಯ ಮುಂದೆ ಕೊಡಗಳು ಸಾಲಾಗಿ ಕೂತಿದ್ದವು. ನಾನು ಬಗ್ಗಿ ನಳ ನೋಡಿದೆ. ನೀರಿನ ಒತ್ತಡ ಸಾಲದೆಂದು ಜನ ಗುಂಡಿ ತೋಡಿ ನಳದ ಬಾಯನ್ನು ನೆಲದ ಕೆಳಗೆ ಇಳಿಸಿದ್ದರು. ಆ ಗುಂಡಿಗೆ ಪಕ್ಕದ ಚರಂಡಿಯ ನೀರು ಜಿನುಗಿ ನಿಂತಿತ್ತು. ಪೈಪು ಖಾಲಿಯಾದಾಗ ನಳ ಅದನ್ನೇ ಒಳಗೆ ಎಳೆದುಕೊಳ್ಳುತ್ತದೆ ಎಂದು ಶಬಾನಾ ಆಮೇಲೆ ವಿವರಿಸಿದರು.

ಇವತ್ತು ನೀರು ಬಿಡುವುದಿಲ್ಲ, ಮನೆಯಲ್ಲಿ ತುಂಬಿಟ್ಟದ್ದನ್ನೂ ಕುಡಿಯಬೇಡಿ ಎಂದು ಹೇಳಿದೆ. ಒಬ್ಬ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದಳು. "ನಿಮ್ಮ ಮನ್ಯಾಗ ಫಿಲ್ಟರ್ ಅದ ಬಾಯಿ, ನೀವು ಹೇಳ್ತೀರಿ. ನಾವು ಏನ್ ಕುಡಿಬೇಕು, ನಿಮ್ಮ ಮಾತು?"

ಅದಕ್ಕೆ ಉತ್ತರ ಕೊಟ್ಟದ್ದು ಮಹಾದೇವಿ. "ನನ್ನ ಗಂಡ ಸಲೈನ್ ಹಚ್ಕೊಂಡು ಮಲಗ್ಯಾನ. ಕಾಕುನೂ ಮಲಗ್ಯಾಳ. ನಿನಗೂ ಮಂಚ ಬೇಕೇನು? ಟ್ಯಾಂಕರ್ ಬರ್ಲತ್ತದ, ಕೊಡ ಅಲ್ಲಿ ಹಚ್ಚು!" ನಳದ ಜಗಳಗಳಲ್ಲಿ ಪಳಗಿದ ಗಂಟಲು. ಸಾಲು ಕದಲಿತು.

ಕಸ್ತೂರಬಾಯಿಯ ಸೊಸೆ ಪೂಜಾ ಆ ಸಾಲಿನಲ್ಲಿರಲಿಲ್ಲ. ಮಹಾದೇವಿ ತೋರಿಸಿದ ಖೋಲಿಯಲ್ಲಿ ಗೋಡೆಗೆ ಒರಗಿ, ಮೊಣಕಾಲು ಮಡಚಿ ಕೂತಿದ್ದಳು. ಪಕ್ಕದಲ್ಲಿ ತಳದಲ್ಲಷ್ಟೇ ನೀರುಳಿದ ಕೊಡ.

"ಬ್ಯಾನಿ ಸುರು ಆಗ್ಯದ ಅನಸ್ತದ್ರಿ," ಎಂದಳು. ಹೊಟ್ಟೆ ಮುಟ್ಟಿ ನೋಡಿದೆ. ಹೆರಿಗೆ ನೋವಲ್ಲ. ಬೆಳಿಗ್ಗೆಯಿಂದ ಭೇದಿ. ಅತ್ತೆಗೇ ಹುಷಾರಿಲ್ಲದಿರುವಾಗ ತನ್ನದೇನು ಹೇಳುವುದು ಎಂದು ಸುಮ್ಮನಿದ್ದಳಂತೆ. ಬಾಯಿ ಒಣಗಿದ ಹಾಗೆಲ್ಲ ಅದೇ ಕೊಡದಿಂದ ಕುಡಿದಿದ್ದಳು. ನನ್ನ ಚೀಲದಲ್ಲಿದ್ದ ಬಾಟಲಿಯ ನೀರಿಗೆ ಓಆರ್‌ಎಸ್ ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತಾ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅವಳು ಕೇಳಿದ್ದು ಒಂದೇ. "ಕೂಸು ಆಡ್ಲತ್ತದೇನ್ರಿ?" ನಾನು ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಆಸ್ಪತ್ರೆಯ ಗೇಟು ಕಾಣುವ ಹೊತ್ತಿಗೆ ಒಂದು ಸಣ್ಣ ಒದೆ ಸಿಕ್ಕಿತು. "ಆಡ್ಲತ್ತದವ್ವಾ," ಎಂದೆ. ಪೂಜಾ ಚೇತರಿಸಿಕೊಂಡಳು. ಕೆಲವು ದಿನಗಳ ಮೇಲೆ ಹೆಣ್ಣು ಕೂಸು ಹುಟ್ಟಿತು.

ನೀರಿನ ಕಚೇರಿಯವರು ಗುಂಡಿಗಳನ್ನು ಮುಚ್ಚಿ, ನಳಗಳನ್ನು ಮೇಲಕ್ಕೆತ್ತಿ, ಪೈಪು ತೊಳೆದರು. ತೊಳೆಯುವುದೆಂದರೆ ಕ್ಲೋರಿನ್ ಹಾಕಿದ ನೀರನ್ನು ಬಿಟ್ಟು ಚರಂಡಿಗೆ ಹರಿಯಗೊಡುವುದು. ಆ ಬೇಸಿಗೆಯಲ್ಲಿ, ಖಾಲಿ ಕೊಡಗಳ ಎದುರಿಗೆ, ಅಷ್ಟು ನೀರು ಹರಿದು ಹೋಯಿತು. ಯಾರೂ ಮುಂದೆ ಬಂದು ಹಿಡಿಯಲಿಲ್ಲ. ಇನ್ನೂ ಸೊರಗಿದ್ದ ಕಸ್ತೂರಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದರು. "ಬಿಡ್ರಿ, ಹೋಗ್ಲಿ ಬಿಡ್ರಿ," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಅವರ ರೇಷನ್ ನಿಲ್ಲಲಿಲ್ಲ. ನಿಂತಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ಈಗಲೂ ಯೋಚಿಸುತ್ತೇನೆ. ಶಬಾನಾ ಅವರ ಆ ನಕ್ಷೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದಿಲ್ಲದಿದ್ದರೆ ದೂರು ಒಂದು ಕಡೆ, ರೋಗ ಒಂದು ಕಡೆ ಉಳಿದು, ಸಂಜೆಯ ನೀರು ಎಲ್ಲರ ಕೊಡ ಸೇರುತ್ತಿತ್ತು. ಆದರೆ ತಾನಿರುವ ಜಾಗ ಹೇಳಲು ಹೆದರುವ ಮನುಷ್ಯ ಯಾವ ನಕ್ಷೆಗೂ ಕಾಣುವುದಿಲ್ಲ.

ಈಗ ಹೊಟ್ಟೆ ನೋವಿನವರು ಬಂದರೆ ನಾನು ಕಾರ್ಡು ಕೇಳುವ ಮೊದಲು ನಳ ಕೇಳುತ್ತೇನೆ. ಕೆಲವರು ಉತ್ತರಿಸುವ ಮುನ್ನ ಒಂದು ಕ್ಷಣ ನನ್ನ ಮುಖ ನೋಡುತ್ತಾರೆ. ಈಕೆಗೆ ಹೇಳಬಹುದೋ ಬಾರದೋ ಎಂದು ತೂಗುತ್ತಾರೆ. ನಾನು ಕೀಲಿಮಣೆಯಿಂದ ಕೈ ತೆಗೆದು, ಅವರ ಕಡೆ ತಿರುಗಿ, ಕಾಯುತ್ತೇನೆ.