ಉಸ್ತಾದರು ಕಂಡ ನಡಿಗೆ

ಅವರು ನಿಂತರೆ ಎರಡು ಮೊಣಕಾಲುಗಳ ನಡುವೆ ಒಂದು ಚೊಂಬು ಸಲೀಸಾಗಿ ತೂರುತ್ತಿತ್ತು. ಸೇನೆಯಲ್ಲಿ ಇಡೀ ಹರೆಯವನ್ನು ಕುದುರೆಯ ಮೇಲೆ ಕಳೆದು ಬಾಗಿದ ಕಾಲುಗಳವು. ಕೊಡಗಿನವರು, ನಿವೃತ್ತರಾದ ಮೇಲೆ ಗುರುಗ್ರಾಮದಾಚೆಯ ಒಂದು ಸವಾರಿ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದರು. ಎಲ್ಲರಿಗೂ ಅವರು ಉಸ್ತಾದ್.

ಪ್ರತಿ ಭಾನುವಾರ ದೆಹಲಿಯ ಪೀತಮ್‌ಪುರದಿಂದ ನನ್ನ ಹತ್ತು ವರ್ಷದ ಮಗಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಅವಳ ಎಡಗಾಲು ಹುಟ್ಟಿನಿಂದಲೇ ತುಸು ಗಿಡ್ಡ. ವೈದ್ಯರು ತೊಂದರೆಯೇನಿಲ್ಲ ಎಂದಿದ್ದರು. ತೊಂದರೆ ಇದ್ದದ್ದು ನನಗೆ. ಅವಳು ಕುಂಟುವುದನ್ನು ನಾಲ್ಕು ಜನ ನೋಡಿದರೆ ನನಗೆ ತಡೆಯಲಾಗುತ್ತಿರಲಿಲ್ಲ. "ನೆಟ್ಟಗೆ ನಡಿ ಪುಟ್ಟಿ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ.

ಉಸ್ತಾದರು ಕುದುರೆಯ ನಡಿಗೆಯನ್ನು ಚಹಾದಿಂದ ಅಳೆಯುವರು. ತುಂಬಿದ ಸ್ಟೀಲ್ ಲೋಟ ಕೈಯಲ್ಲಿ ಹಿಡಿದು ಮೈದಾನ ಸುತ್ತುವರು. ಶಾಲೆಯ ಮಾರ್ವಾಡಿ ತಳಿಯ ಗಂಡುಕುದುರೆಯ ಮೇಲೆ ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ಕುಲುಕಾಟವಿಲ್ಲದ ಆ ನಡಿಗೆಗೆ ಅಲ್ಲಿಯವರು ರೇವಾಲ್ ಎನ್ನುತ್ತಾರೆ. ಕಾಠಿಯಾವಾಡಿ ಹೆಣ್ಣುಕುದುರೆಯ ಮೇಲೆ ಕೂತಾಗ ಅಂಗಿಗೂ ಒಂದಿಷ್ಟು ಚಹಾ ಸೇರುತ್ತಿತ್ತು. "ಇವನು ದೀಪಾವಳಿಗೆ ಬಂದ ಅಳಿಯ. ನಡಿಗೆ ಚಂದ, ಮುನಿಸು ಜಾಸ್ತಿ. ಅವಳು ಲೆಕ್ಕದ ಟೀಚರ್. ಯಾಕೆ ಅಂತ ಗೊತ್ತಾಗದೆ ಒಂದು ಹೆಜ್ಜೆ ಇಡಲ್ಲ" ಎಂದು ನಗುವರು.

ಒಮ್ಮೆ ವ್ಯಾಪಾರಿಯೊಬ್ಬ ಬಿಳಿಯ ಹೆಣ್ಣುಕುದುರೆಯೊಂದನ್ನು ಮಾರಲು ತಂದ. ಬೆಣ್ಣೆಯಿಂದ ಕೂದಲು ತೆಗೆದಂಥ ನಡಿಗೆ. ನನ್ನ ಮಗಳಿಗೆ ಇದೇ ಸರಿ ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ. ಕುಲುಕದ ಕುದುರೆಯೆಂದರೆ ಸಾಧು ಕುದುರೆ ಎಂದು ನಂಬಿದ್ದ ಪೆದ್ದ ನಾನು. ಉಸ್ತಾದರು ಕುಕ್ಕರುಗಾಲಲ್ಲಿ ಕೂತು ಅದರ ಗೊರಸಿನ ಮೇಲ್ಭಾಗವನ್ನು ಸವರಿ ನೋಡಿದರು. ಕೂದಲಿನಡಿ ಹಗ್ಗ ಉಜ್ಜಿದ ಗಾಯದ ಕಲೆಗಳಿದ್ದವು.

"ಚಾಲ್ ತೋ ಅಚ್ಛೀ ಹೈ ನಾ, ಉಸ್ತಾದ್?" ಎಂದು ವ್ಯಾಪಾರಿ ಅದರ ನಡಿಗೆಯನ್ನು ಹೊಗಳಿದ.

ಅವರು ನನ್ನತ್ತ ತಿರುಗಿದರು. "ಇದು ಹುಟ್ಟುನಡಿಗೆ ಅಲ್ಲ ಸಾರ್. ಕಾಲು ಕಟ್ಟಿ ಕಲಿಸಿದ್ದು. ಪಾಪ, ಹೆದರ್ಕೊಂಡು ಹೀಗೆ ಹೋಗ್ತಿದೆ. ಇದರ ಮೇಲೆ ನಾನು ಮಗೂನ ಕೂರಿಸಲ್ಲ."

ಅಷ್ಟರಲ್ಲಿ ಮಗಳು ಬೇಲಿಯ ಕಡೆಯಿಂದ ಬಂದಳು. ವ್ಯಾಪಾರಿ ಅವಳ ಕಾಲನ್ನೇ ನೋಡುತ್ತಿದ್ದ. "ನೆಟ್ಟಗೆ ನಡಿ" ಎಂದು ಗದರಿದೆ.

ಉಸ್ತಾದರು ಕುದುರೆಯ ಕಾಲು ಬಿಟ್ಟು ಎದ್ದರು. "ಸಾರ್, ಒಂದು ತಿಂಗಳು ನೀವು ಬಾಯಿ ಮುಚ್ಕೊಂಡಿರಿ" ಎಂದರು.

ಮಗಳೆದುರು, ಆ ವ್ಯಾಪಾರಿಯೆದುರು! ನನಗೆ ಮೈಯೆಲ್ಲ ಉರಿದುಹೋಯಿತು. ಅವರು ಆಗಲೇ ಕಾಠಿಯಾವಾಡಿಗೆ ಜೀನು ಹಾಕಿ, ಮಗಳ ಗಿಡ್ಡ ಕಾಲಿಗೆ ಎಟುಕುವಂತೆ ಪಾದ ಊರುವ ಎಡಗಡೆಯ ರಿಕಾಪಿನ ಪಟ್ಟಿಯನ್ನು ಎರಡು ತೂತು ಮೇಲಕ್ಕೆ ಬಿಗಿಯುತ್ತಿದ್ದರು. ಅವಳು ಕುಲುಕಾಡುತ್ತ ಹೋದಳು, ನಗುತ್ತ ಬಂದಳು. "ಪಪ್ಪಾ, ಔರ್ ಏಕ್ ರೌಂಡ್, ಪ್ಲೀಸ್!"

ನನ್ನ ಸಿಟ್ಟು ಇಳಿಯಲು ಒಂದು ವಾರ ಹಿಡಿಯಿತು. ಬಾಯಿ ಮುಚ್ಚಿಕೊಂಡಿರುವುದು ಅದಕ್ಕಿಂತ ಕಷ್ಟವಾಯಿತು.

ಕಳೆದ ಚಳಿಗಾಲದಲ್ಲಿ ಉಸ್ತಾದರು ತೀರಿಕೊಂಡರು. ಶ್ರದ್ಧಾಂಜಲಿಗೆ ಸೇರಿದ್ದವರಲ್ಲಿ ಹೆಚ್ಚಿನವರು ನಮಗೆ ಅಪರಿಚಿತರು. ಮಗಳು ಹೂ ಹಿಡಿದು, ನನ್ನನ್ನು ದಾಟಿ, ತುಂಬಿದ ಸಭೆಯ ನಡುವೆ ಕುಂಟುತ್ತಲೇ ಅವರ ಫೋಟೊದವರೆಗೆ ನಡೆದಳು. ಅವಳ ಬೆನ್ನು ನೋಡುತ್ತ ನಿಂತಿದ್ದವನಿಗೆ ಆಗ ಹೊಳೆಯಿತು: ಮೊದಲೆಲ್ಲ ಅವಳು, ನನ್ನ ಕಣ್ಣಿಗೆ ಬೀಳಬಾರದೆಂದು, ಯಾವಾಗಲೂ ನನ್ನ ಹಿಂದೆಯೇ ನಡೆಯುತ್ತಿದ್ದಳು.