ಇನ್ನೂರ ಎಂಬತ್ತೆಂಟು ಚೀಲಗಳ ಒಡತಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸುಣ್ಣಕಲ್ಲು ಪುಡಿಮಾಡುವ ಕಾರ್ಖಾನೆಯ ಕಬ್ಬಿಣದ ಏಣಿಯನ್ನು ಐವತ್ತನಾಲ್ಕರ ಹೆಂಗಸೊಬ್ಬರು ಕೊರಳಿಗೆ ಟಾರ್ಚು ನೇತುಹಾಕಿಕೊಂಡು ಸರಸರ ಹತ್ತುತ್ತಿದ್ದಾರೆ. ತಲೆಗೆ ಬಿಗಿದ ಬಟ್ಟೆ, ಮುಖಕ್ಕೆ ಮಾಸ್ಕು. ಕಾಣುವುದು ಎರಡು ಕಣ್ಣು ಮಾತ್ರ. ಇಲ್ಲಿ ಎಲ್ಲರೂ ಇವರನ್ನು ಕರೆಯುವುದು ಚೀಲದಕ್ಕ ಎಂದು.

ಯಂತ್ರದಿಂದ ಏಳುವ ಧೂಳನ್ನು ಚಿಮಣಿಗೆ ಹೋಗುವ ಮೊದಲೇ ಸೋಸಿ ಹಿಡಿಯುವುದು ಮೇಲಿನ ಕೋಣೆಯಲ್ಲಿ ತೂಗುವ ದಪ್ಪ ಬಟ್ಟೆಯ ಚೀಲಗಳು. ಸಾಲಿಗೆ ಇಪ್ಪತ್ತನಾಲ್ಕು, ಹನ್ನೆರಡು ಸಾಲು. ಒಂದೊಂದೂ ಎರಡಾಳುದ್ದ. ಒಂದು ಹರಿದರೂ ಧೂಳು ನೇರ ಊರ ಮೇಲೆ. ಇವತ್ತು ಒಂದು ಹರಿದಿದೆ. ಹರಿಯಲು ಅದಕ್ಕೆ ಬೇರೆ ದಿನವೇ ಸಿಗಲಿಲ್ಲ ನೋಡಿ!

ಕಾರ್ಖಾನೆಯ ಗೋಡೆಯಾಚೆ ಒಂದು ಶಾಲೆ. ಧೂಳು ತಾಳಲಾರದೆ ಆರು ವರ್ಷದ ಹಿಂದೆ ಅದರ ಕಿಟಕಿಗಳಿಗೆಲ್ಲ ಮೊಳೆ ಹೊಡೆದಿದ್ದಾರೆ. ಚೀಲದಕ್ಕನ ಮೊಮ್ಮಗಳು ಅಲ್ಲೇ ನಾಲ್ಕನೇ ತರಗತಿಯಲ್ಲಿ ಬೆವರುತ್ತಾ ಮಗ್ಗಿ ಹೇಳುತ್ತಾಳೆ. ಬೇಡಿ ಬೇಡಿ ಚೀಲದಕ್ಕ ಹೆಡ್‌ಮೇಡಂ ಬಾಯಿಂದ ಒಂದು ಮಾತು ಹೊರಡಿಸಿದ್ದರು: "ಕಿಟಕಿ ಹೊರಗೆ ಕಪ್ಪು ಬಟ್ಟೆ ಹಾಸ್ತೀನಿ. ತಿಂಗಳು ಪೂರ್ತಿ ಅದರ ಮೇಲೆ ಬಿಳಿ ಧೂಳು ಕೂರದಿದ್ರೆ ಮೊಳೆ ಕೀಳಿಸ್ತೀನಿ. ಕೂತ್ರೆ ಮತ್ತೆ ಆ ಮಾತೇ ಎತ್ತಬೇಡಿ." ಇವತ್ತಿಗೆ ಮೂವತ್ತನೆಯ ದಿನ. ನಸುಕಿನಲ್ಲಿ ಚಿಮಣಿಯ ಬಾಯಿ ತುಸು ಬೆಳ್ಳಗಾದದ್ದು ಕಂಡು ಕಾವಲುಗಾರ ಯಂತ್ರ ನಿಲ್ಲಿಸಿದ್ದಾನೆ. ಎಂಟಕ್ಕೆ ಮತ್ತೆ ಶುರುವಾಗಬೇಕು.

ಚೀಲದಕ್ಕ ಮಂಡಿಯೂರಿ ಒಂದೊಂದು ಚೀಲದ ಬಾಯಿಯ ಸುತ್ತ ಅಂಗೈ ಸವರುತ್ತಾರೆ. "ಹರಿದಿದ್ದರ ಬಾಯಿ ಸುತ್ತ ಪುಡಿ ಉಗುಳಿರುತ್ತೆ. ಉಂಡ ಮಗು ಮೂತಿ ನೋಡಿದ್ರೆ ಗೊತ್ತಾಗಲ್ವಾ, ಹಾಗೆ." ಒಂಬತ್ತನೇ ಸಾಲಿನಲ್ಲಿ ಕೈ ನಿಲ್ಲುತ್ತದೆ. "ಸಿಕ್ಕಿದೆಯಲ್ಲೋ ಕಳ್ಳ!"

ಹೊಸ ಚೀಲ ಇಳಿಸುವ ಮೊದಲು ಅವರು ಸುಣ್ಣದ ಪುಡಿ ತೆಗೆದು ಅದಕ್ಕೆ ಹದವಾಗಿ ಬಳಿಯತೊಡಗುತ್ತಾರೆ. ಹೊಸದಾಗಿ ಬಂದ ಎಂಜಿನಿಯರ್ ಮೂಗಿನ ಮೇಲೆ ಬೆರಳಿಡುತ್ತಾರೆ.

"ಅಕ್ಕಾ, ಹೊಸ ಚೀಲ ಯಾಕೆ ಕೊಳೆ ಮಾಡ್ತೀರಿ?"

"ಹೊಸದಕ್ಕೆ ಧೂಳು ಹಿಡಿಯೋಕೆ ಬರಲ್ಲ ಸಾರ್. ಮೈಗೆ ಒಂದಿಷ್ಟು ಪುಡಿ ಅಂಟಿದ್ರೆನೇ ಮಿಕ್ಕ ಪುಡಿ ತಡೆಯುತ್ತೆ. ಇದನ್ನ ಕಲಿಯೋಕೆ ನಾನು ಊರಿಗೇ ಸುಣ್ಣ ಬಳಿದೆ!"

ಹನ್ನೆರಡು ವರ್ಷದ ಹಿಂದಿನ ಮಾತು. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಶಭಾಷ್ ಅನ್ನಿಸಿಕೊಳ್ಳುವ ಹುಮ್ಮಸ್ಸಿನಲ್ಲಿ ಅವರು ಅಷ್ಟೂ ಚೀಲಗಳನ್ನು ಬಡಿದು, ಕೊಡವಿ, ಮನೆಯ ಬಟ್ಟೆಯಂತೆ ಸ್ವಚ್ಛ ಮಾಡಿಟ್ಟಿದ್ದರು. ಯಂತ್ರ ಶುರುವಾಯಿತು. ಬೀದಿಯ ಎಮ್ಮೆಗಳೆಲ್ಲ ಬಿಳಿ ಹಸುಗಳಾದವು. "ಕೆಲಸ ಹೋಯ್ತು ಅಂತ ಅತ್ತುಬಿಟ್ಟಿದ್ದೆ" ಎಂದು ಈಗ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಮೈ ತುರಿಕೆ, ಸೆಕೆ, ಮಂಡಿನೋವು ಎಲ್ಲ ಉಂಟು. ಆದರೆ ಮಂಡಿಯ ವಿಷಯ ಕೇಳಿದರೆ ಚೀಲದ ವಿಷಯ ಹೇಳುವ ಜಾತಿ ಇವರು.

ಎಂಟಕ್ಕೆ ಯಂತ್ರ ಗುಡುಗುತ್ತದೆ. ಚೀಲದಕ್ಕ ಅಂಗಳದಲ್ಲಿ ನಿಂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಚಿಮಣಿ ನೋಡುತ್ತಾರೆ. ಮೇಲೆ ಬರೀ ಆಕಾಶ.

ಹನ್ನೊಂದಕ್ಕೆ ಹೆಡ್‌ಮೇಡಂ ಕಪ್ಪು ಬಟ್ಟೆ ಹಿಡಿದು ಗೇಟಿಗೇ ಬರುತ್ತಾರೆ. ಚೀಲದಕ್ಕನ ಕಣ್ಣು ಬಟ್ಟೆಯ ಮೇಲೆ. ನಸುಕಿನಲ್ಲಿ ಎಷ್ಟು ಬಿದ್ದಿದೆಯೋ! ಮೇಡಂ ಬೆರಳಿನಿಂದ ಬಟ್ಟೆ ಒರೆಸುತ್ತಾರೆ, ಬಿಸಿಲಿಗೆ ಹಿಡಿಯುತ್ತಾರೆ, ಕನ್ನಡಕ ತೆಗೆದು ಇನ್ನೊಮ್ಮೆ ನೋಡುತ್ತಾರೆ. "ಒಂದು ಕಾಗೆ ಮಾತ್ರ ಬಂದು ಹೋಗಿದೆ ಕಣ್ರೀ. ಅದನ್ನ ನಿಮ್ಮ ಲೆಕ್ಕಕ್ಕೆ ಹಾಕಲ್ಲ" ಎನ್ನುತ್ತಾರೆ. ಚೀಲದಕ್ಕ ನಗಲು ಹೋಗಿ ಅತ್ತೇಬಿಡುತ್ತಾರೆ. ಅಷ್ಟು ಖುಷಿ.

ಮಧ್ಯಾಹ್ನದೊಳಗೆ ಬಡಗಿ ಎಂಟೂ ಕಿಟಕಿಗಳ ಮೊಳೆ ಕಿತ್ತಿದ್ದಾನೆ. ಚೀಲದಕ್ಕನಿಗೆ ಊಟದ ಡಬ್ಬಿ ತಂದ, ಸೈಕಲ್ ರಿಪೇರಿ ಮಾಡುವ ಗಂಡ ಗೇಟಿನ ಬಳಿ ಕೂತಿದ್ದಾರೆ. "ಕೊಳೆ ಮಾಡೋದನ್ನೂ ಕೆಲಸ ಅಂತಾಳೆ" ಎಂದು ಕಾವಲುಗಾರನ ಮುಂದೆ ಕಾಲೆಳೆಯುತ್ತಿದ್ದಾರೆ. ಅಷ್ಟರಲ್ಲಿ ಹೆಡ್‌ಮೇಡಂ ಮತ್ತೆ ಹಾಜರು, ಈ ಸಲ ದೂರು ಹೊತ್ತುಕೊಂಡು.

"ಏನ್ರೀ ಇದು! ಒಂದು ಮಗುವೂ ಪಾಠ ಕೇಳ್ತಿಲ್ಲ. ಎಲ್ಲವೂ ಕಿಟಕಿಗೆ ಜೋತು ಬಿದ್ದಿವೆ. ನಿಮ್ಮ ಮೊಮ್ಮಗಳಂತೂ ಮೊದಲು. ಎಲ್ಲಾ ನಿಮ್ಮಿಂದಲೇ ಆಗಿದ್ದು!"

ಪಕ್ಕದಲ್ಲೇ ಉಣ್ಣುತ್ತಿದ್ದ ಚೀಲದಕ್ಕ ತುತ್ತು ಕೆಳಗಿಟ್ಟು ಗಂಡನ ಕಡೆ ತಿರುಗುತ್ತಾರೆ.

"ಇನ್ನೊಂದ್ಸಲ ಹೇಳಿ ಮೇಡಂ, ಸ್ವಲ್ಪ ಜೋರಾಗಿ. ನಮ್ಮನೆಯವರಿಗೆ ಕಿವಿ ಮಂದ."