ಹೇಮಾವತಿ ಎತ್ತಿ ನಿಲ್ಲಿಸಿದ ಗಾಡಿ

ತಾವರಗೇರಾದ ಹೇಮಾವತಿಯ ಎತ್ತರ ನಾಲ್ಕು ಅಡಿ ಹತ್ತು ಇಂಚು. ಪಶುಸಖಿಯಾಗಿ ಸುತ್ತಲಿನ ಊರುಗಳ ಕುರಿ, ಆಡುಗಳಿಗೆ ಲಸಿಕೆ ಹಾಕುವುದು ಅವಳ ಕೆಲಸ. ಎಂಟು ವರ್ಷ ಒಂದು ಸಣ್ಣ ಸ್ಕೂಟಿಯ ಮೇಲೆಯೇ ಓಡಾಡಿದ್ದಳು.

ಹೋದ ಮಳೆಗಾಲದಲ್ಲಿ ಹನುಮಸಾಗರದ ದಾರಿಯಲ್ಲಿ ಆ ಸ್ಕೂಟಿಯ ಪುಟ್ಟ ಗಾಲಿ ತೆಗ್ಗಿಗೆ ಇಳಿದು ಅಲ್ಲೇ ಕೂತಿತು. ಹೇಮಾವತಿ ಒಂದು ಕಡೆ ಬಿದ್ದಳು, ಲಸಿಕೆ ತಂಪಾಗಿಡುವ ಮಂಜುಗಡ್ಡೆಯ ಡಬ್ಬಿ ಇನ್ನೊಂದು ಕಡೆ. ಸೀಸೆಗಳೆಲ್ಲ ಒಡೆದವು. ಕುರಿಗಾರ ಓಬಳೆಪ್ಪ ಅಂದು ಮೇಯಿಸಲು ಬಿಡದೆ ಮುನ್ನೂರು ಕುರಿಗಳನ್ನು ಹಟ್ಟಿಯಲ್ಲೇ ತಡೆದು ಕಾದಿದ್ದ. ಮತ್ತೆ ಲಸಿಕೆ ಬರಲು ಹನ್ನೆರಡು ದಿನ ಹಿಡಿಯಿತು. ಅಷ್ಟರಲ್ಲಿ ಬೇನೆ ತಗುಲಿ ಹದಿನೇಳು ಕುರಿ ಸತ್ತವು. ಓಬಳೆಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಎರಡು ಎಮ್ಮೆ ಮಾರಿ ಕೊಪ್ಪಳದ ಶೋರೂಮಿಗೆ ಹೋದಳು. ದೂರದ ಪ್ರಯಾಣಕ್ಕೆಂದೇ ಮಾಡಿದ ದೊಡ್ಡ ಸ್ಕೂಟರ್ ಅಲ್ಲಿ ನಿಂತಿತ್ತು. ಮುಂದೆ ಎದೆಮಟ್ಟದ ಗಾಳಿತಡೆ ಗಾಜು, ಕಾಲು ಚಾಚಲು ಜಾಗ, ಸೋಫಾದಂಥ ಸೀಟು.

"ಅಕ್ಕಾರ, ಇದು ಲಾಂಗ್ ಹೊಡಿಯೋ ಗಂಡಸರ ಗಾಡಿರಿ," ಅಂದ ಮಾರಾಟದ ಶರಣಕುಮಾರ. "ನೂರಾ ಮೂವತ್ತು ಕಿಲೋ ಐತಿ. ನಿಮಗ ಹಗುರಂದು ತೋರಸ್ತೀನಿ, ಬರ್ರಿ."

"ಹಗುರಂದು ಮನ್ಯಾಗ ಐತಿ. ಇದರ ಗಾಲಿ ಎಷ್ಟು ಇಂಚಿಂದು?"

"ಹದಿನಾಲ್ಕು."

"ಕೀಲಿ ಕೊಡ್ರಿ."

ಅಂಗಳದಲ್ಲಿ ಎರಡು ಸುತ್ತು ಸಲೀಸಾಗಿ ಹೊಡೆದಳು. ನಿಲ್ಲಿಸುವಾಗ ಮಾತ್ರ ಬರೀ ತುದಿಗಾಲು ನೆಲಕ್ಕೆ ತಾಗಿತು. ಗಾಡಿ ಮೆಲ್ಲಗೆ ಎಡಕ್ಕೆ ವಾಲಿ ಮಲಗಿಬಿಟ್ಟಿತು. ಶರಣಕುಮಾರ ಓಡಿಬಂದ.

"ಬಿಡ್ರಿ, ಮುಟ್ಟಬ್ಯಾಡ್ರಿ," ಅಂದಳು ಹೇಮಾವತಿ. " ದಾರ್ಯಾಗ ಬಿದ್ರ ಎತ್ತಾಕ ನೀವು ಬರ್ತೀರೇನು?"

ಸೀಟಿಗೆ ಬೆನ್ನು ಕೊಟ್ಟು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿಕೆ ಹಿಡಿದು, ಹಿಮ್ಮಡಿ ಊರಿ ಹಿಂದಕ್ಕೆ ನೂಕಿದಳು. ಎರಡು ಸಲ ಆಗಲಿಲ್ಲ. ಮೂರನೆಯ ಸಲ ಗಾಡಿ ಎದ್ದು ನಿಂತಿತು. ಏದುಸಿರು ಬಿಡುತ್ತಲೇ ಅಂದಳು: "ಇದನ್ನ ಕೊಡ್ರಿ."

ಊರಿನ ಮೆಕ್ಯಾನಿಕ್ ವಾಹೀದ ಸೀಟಿನ ಮುಂಭಾಗದ ಸ್ಪಂಜು ಕೆತ್ತಿ ತಗ್ಗಿಸಿದ. ಈಗ ಪಾದದ ಮುಕ್ಕಾಲು ಭಾಗ ನೆಲ ಹಿಡಿಯಿತು. ಆದರೆ ಇನ್ನೊಂದು ತೊಡಕಿತ್ತು. ಕಾಲಿಡುವಲ್ಲಿ ನಡುವೆ ಉಬ್ಬಿದ ಡುಬ್ಬ, ಲಸಿಕೆಯ ಡಬ್ಬಿ ಕೂರುವುದಿಲ್ಲ.

"ಸೀಟಿನ ಕೆಳಗ ಎರಡು ಹೆಲ್ಮೆಟ್ ಹಿಡಿಯೋವಷ್ಟು ಜಾಗ ಐತಲ್ಲಕ್ಕಾ, ಅಲ್ಲೇ ಇಡು," ಅಂದ ವಾಹೀದ.

ಹೇಮಾವತಿ ಆ ಜಾಗದಲ್ಲಿ ಒಂದು ಥರ್ಮಾಮೀಟರ್ ಇಟ್ಟು ಕುಷ್ಟಗಿಗೆ ಹೋಗಿಬಂದಳು. ತೆಗೆದು ನೋಡಿದರೆ ನಲವತ್ತೊಂದು ಡಿಗ್ರಿ.

"ಅಡಿಗಿ ಒಲಿ ಆಗೈತಿ ನೋಡು. ಲಸಿಕಿ ಸತ್ತಹೋಗತೈತಿ. ಹಿಂದ ಕಬ್ಬಿಣದ ಸ್ಟ್ಯಾಂಡ್ ಮಾಡಿಕೊಡು, ಕುಲುಕಬಾರದು."

ವಾಹೀದ ಸ್ಟ್ಯಾಂಡಿಗೆ ಹಳೆಯ ಟ್ಯೂಬಿನ ಹಾಸು ಹೊದಿಸಿಕೊಟ್ಟ. ಅವಳು ಹದಿನೈದು ದಿನ ಬೆಳಿಗ್ಗೆ ಸಂತೆಮೈದಾನದಲ್ಲಿ ಡಬ್ಬಿಯಲ್ಲಿ ನೀರು ತುಂಬಿಕೊಂಡು ತಿರುಗಿದಳು. ಮರಳಿನ ಮೇಲೆ ಬೇಕೆಂದೇ ಬ್ರೇಕ್ ಒತ್ತಿ, ಗಾಲಿ ಜಾರದಂತೆ ಎಬಿಎಸ್ ತಡೆದಾಗ ಬ್ರೇಕಿನ ಹಿಡಿಕೆ ಬೆರಳಿಗೆ ಹೇಗೆ ಮಿಡಿಯುತ್ತದೆಂದು ಕಲಿತಳು.

ಮಾಗಿಯಲ್ಲಿ ಕುರಿ ಸಾಕುವ ಮುದುಕಮ್ಮನ ಫೋನ್ ಬಂತು. ಮೇವು ಅರಸಿ ಕುರಿ ಹೊಡೆದುಕೊಂಡು ಹೋದವಳು ಇಟಗಿಯ ಆಚೆ ಬೀಡುಬಿಟ್ಟಿದ್ದಳು.

"ಬಾಜೂ ಹಿಂಡಿಗೆ ಬ್ಯಾನಿ ಬಂದೈತವ್ವಾ. ನಮ್ಮವು ಇನ್ನೂ ಛಲೋ ಅದಾವು. ಅಷ್ಟು ದೂರ ನೀ ಬರ್ತಿಯೇನ?"

ಮರುದಿನ ಬೆಳಕು ಹರಿಯುವಾಗಲೇ ಲಸಿಕೆ ತುಂಬಿಕೊಂಡು ಹೊರಟಳು. ಹೆದ್ದಾರಿಯಲ್ಲಿ ಎದುರುಗಾಳಿ ಹೊಡೆಯಿತು. ಗಾಜು ಅದನ್ನು ತಲೆಯ ಮೇಲಿಂದ ದಾಟಿಸಿತು. ಇಟಗಿ ದಾಟಿದ ಮೇಲೆ ತಿರುವಿನಲ್ಲಿ ಜೋಳದ ಕಣಿಕೆ ಹೇರಿದ ಟ್ರ್ಯಾಕ್ಟರ್ ಅಡ್ಡ ಬಂತು. ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದಳು. ಹಿಡಿಕೆ ಮಿಡಿಯಿತು, ಗಾಡಿ ಗೆರೆ ತಪ್ಪದೆ ಟ್ರ್ಯಾಕ್ಟರಿಗೆ ಗೇಣು ದೂರದಲ್ಲಿ ನಿಂತಿತು. ಹಿಂದಿನ ಡಬ್ಬಿ ಭದ್ರವಾಗಿದೆಯೇ ಎಂದು ಮುಟ್ಟಿ ನೋಡಿ, ಮತ್ತೆ ಹೊರಟಳು.

ಬೀಡು ತಲುಪಿ ಡಬ್ಬಿ ತೆರೆದಾಗ ಮಂಜುಗಡ್ಡೆ ಇನ್ನೂ ಕರಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇನ್ನೂರ ನಲವತ್ತು ಕುರಿಗೂ ಸೂಜಿ ಹಾಕಿದ್ದಳು. ಮುಂದೆ ಆ ಹಿಂಡಿನಲ್ಲಿ ಬೇನೆಗೆ ಒಂದೂ ಸಾಯಲಿಲ್ಲ.

ಅಂದು ಸೂಜಿ ಮುಗಿದ ಮೇಲೆ ರೊಟ್ಟಿ ಕೊಡುತ್ತಾ ಮುದುಕಮ್ಮ ಕೇಳಿದಳು, "ಬೆಟ್ಟದ ಹಿಂದ ಇನ್ನೊಂದು ಹಿಂಡು ಐತಿ. ದಾರಿ ಛಲೋ ಇಲ್ಲ. ಹೋಗ್ತಿಯೇನ?"

ಹೇಮಾವತಿ ಉಳಿದ ಸೀಸೆಗಳನ್ನು ಎಣಿಸಿದಳು. "ಅವರ ಫೋನ್ ನಂಬರ್ ಹೇಳವ್ವಾ," ಅಂದಳು.